ಮಂಚ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ಹೊಸ ಮನೆ ಅಂದ ಕೂಡಲೇ ಹೊಸ ಮಂಚದ ಆಸೆ ಯಾರಿಗಿಲ್ಲ ಹೇಳಿ? ಅಂಗಡಿಗೆ ಹೋಗುತ್ತೇವೆ, ಫಳಫಳ ಹೊಳೆಯುವ ಪಾಲಿಶ್ ನೋಡುತ್ತೇವೆ, ತಲೆಯ ಕಡೆಯ ಕೆತ್ತನೆಗೆ ಮರುಳಾಗುತ್ತೇವೆ. 'ಕಂತಿನಲ್ಲಿ ಕೊಡಿ, ಪರವಾಗಿಲ್ಲ' ಅಂದುಬಿಟ್ಟರಂತೂ ಮುಗಿದೇ ಹೋಯಿತು! ಬೀರುವಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ ಅಂತ ಗೊತ್ತಾಗೋದು ಮಂಚ ಮನೆಗೆ ಬಂದ ಮೇಲೆಯೇ.

ನಾನೂ ಇದೇ ತಪ್ಪು ಮಾಡಿದವಳು. ಶಿವಮೊಗ್ಗದಲ್ಲಿ ಮನೆ ಮಾಡಿದಾಗ ಆಸೆಪಟ್ಟು ಬಾಕ್ಸ್ ಮಂಚ ತಂದೆ. ಮಂಚವೇ 18 ಇಂಚು ಎತ್ತರ, ಅದರ ಮೇಲೆ 8 ಇಂಚಿನ ಹಾಸಿಗೆ. ತೊಗರ್ಸಿಯಿಂದ ಬಂದ ಅಮ್ಮ ನೋಡಿ, "ಇದ್ಕೆ ಹತ್ತೋಕೆ ಏಣಿ ಬೇಕಲ್ಲೇ ಮಾರಾಯ್ತಿ" ಎಂದು ನಕ್ಕರು. ರಾತ್ರಿ ಎದ್ದು ನೋಡಿದರೆ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದಾರೆ! ಮೊದಲೇ ಮಂಡಿನೋವು. ಬೆಳಿಗ್ಗೆ ನೆಲದಿಂದ ಏಳಲು ಅದೇ ಮಂಚದ ಅಂಚು ಹಿಡಿದುಕೊಂಡರು. ನನಗೆ ಕರುಳು ಚುರುಕ್ ಎಂದಿತು.

ಎತ್ತರ ನೋಡಿ

ಅಂಚಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಕಾಲು ನೇತಾಡಿದರೆ ಎತ್ತರ ಹೆಚ್ಚಾಯಿತು, ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ತಗ್ಗಾಯಿತು. ಅಳೆಯುವಾಗ ಹಾಸಿಗೆಯನ್ನೂ ಸೇರಿಸಿ ಅಳೆಯಿರಿ. ಹಿರಿಯರಿಗೆಂದು ಕೊಳ್ಳುವುದಾದರೆ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಅದಾಗದಿದ್ದರೆ ಅವರ ಮಂಡಿಯಿಂದ ನೆಲದವರೆಗಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಕೋಣೆ ಅಳೆಯಿರಿ

ಕ್ವೀನ್ ಸೈಜ್ ಹಾಸಿಗೆ ಸಾಮಾನ್ಯವಾಗಿ 5 ಅಡಿ ಅಗಲ, ಕಿಂಗ್ ಸೈಜ್ 6 ಅಡಿ. ಉದ್ದ ಎರಡಕ್ಕೂ ಆರೂವರೆ ಅಡಿ. ಮಂಚದ ಚೌಕಟ್ಟು ಇನ್ನೂ ಕೆಲವು ಇಂಚು ತಿನ್ನುತ್ತದೆ. ನಿಮ್ಮದು 10 ಅಡಿ ಅಗಲದ ಕೋಣೆ ಅಂದುಕೊಳ್ಳಿ. ಕಿಂಗ್ ಸೈಜ್ ಮಂಚವನ್ನು ಗೋಡೆಗೆ ಒತ್ತಿ ಹಾಕಿ, ಎದುರಿಗೆ ಬೀರು ಇಟ್ಟರೆ, ಓಡಾಡಲು ಎರಡಡಿಯೂ ಸಿಗುವುದಿಲ್ಲ. ಗೋಡೆ ಕಡೆ ಮಲಗಿದವರು ರಾತ್ರಿ ಎದ್ದರೆ ಪಕ್ಕದವರನ್ನು ದಾಟಿಕೊಂಡೇ ಬರಬೇಕು!

ಒಂದು ಸುಲಭ ಉಪಾಯ ಹೇಳ್ತೀನಿ. ಹಳೆಯ ಪೇಪರುಗಳನ್ನು ಮಂಚದ ಅಳತೆಗೆ ನೆಲದ ಮೇಲೆ ಹಾಸಿ. ಬಾಗಿಲು, ಬೀರು ತೆಗೆದು ನೋಡಿ. ಸುತ್ತ ನಡೆದಾಡಿ. ನೆಲ ಒರೆಸಲು, ಹಾಸಿಗೆ ಕೊಡವಲು ಬಗ್ಗುವವರು ನಾವೇ ಅಲ್ವೇ? ನಮ್ಮ ಬೆನ್ನಿಗೂ ಜಾಗ ಬೇಕು.

ಮರ, ಪ್ಲೈವುಡ್

ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಆದರೆ ಬೆಲೆ ಜಾಸ್ತಿ. ನಮ್ಮ ಕಡೆ ಹಲಸು, ಅಕೇಶಿಯಾದಲ್ಲೂ ಗಟ್ಟಿ ಮಂಚ ಮಾಡುತ್ತಾರೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಮಂಚ ಬೇಸಿಗೆಗೆ ಸೀಳು ಬಿಟ್ಟು, ಸಂದು ಸಡಿಲವಾಗಿ, ಮಗ್ಗುಲು ಬದಲಿಸಿದರೆ ಕಿರುಗುಟ್ಟುತ್ತದೆ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಮಂಚ ಅಗ್ಗವೇನೋ ಹೌದು, ನೀರು ತಾಗಿದರೆ ಮಾತ್ರ ಉಬ್ಬಿಬಿಡುತ್ತದೆ. ಪ್ಲೈವುಡ್ ಆದರೆ ಐಎಸ್‌ಐ ಗುರುತು ನೋಡಿ ಕೊಳ್ಳಿ.

ಬಾಕ್ಸ್ ಬೇಕೇ?

ಸಣ್ಣ ಮನೆಗೆ ಬಾಕ್ಸ್ ಮಂಚ ಅನುಕೂಲ, ಇಲ್ಲ ಅನ್ನಲಾರೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗೆ ಕಂಬಳಿಗೆ ಬೂಷ್ಟು ಹಿಡಿಯುತ್ತದೆ. ಥಂಡಿ ಹೊಡೆಯುವ ಗೋಡೆಯಿಂದ ಮಂಚವನ್ನು ನಾಲ್ಕು ಬೆರಳಾದರೂ ದೂರ ಇಡಿ. ಬಿಸಿಲು ಬಿದ್ದ ದಿನ ಬಾಕ್ಸ್ ತೆರೆದು ಗಾಳಿಗೆ ಬಿಡಿ. ಅಡಿಗೆ ಕಸಬರಿಗೆ ಹೋಗುವಂಥ ಕಾಲಿನ ಮಂಚಕ್ಕೆ ಈ ರಗಳೆ ಇಲ್ಲ.

ಹಾಸಿಗೆ ಎಂಥದ್ದು?

ಬೆನ್ನುನೋವಿಗೆ ಗಟ್ಟಿ ಹಲಗೆಯೇ ಮದ್ದು ಅನ್ನುವ ಮಾತಿದೆ. ಆದರೆ ಸ್ಪೇನಿನ ವೈದ್ಯರು 313 ಮಂದಿ ಬೆನ್ನುನೋವಿನವರನ್ನು 90 ದಿನ ಗಮನಿಸಿ, 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದದ್ದು ಬೇರೆ: ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದರಿಂದ ಹೆಚ್ಚು ಗುಣ ಕಂಡಿತಂತೆ. ಹಾಗಾಗಿ ಅಂಗಡಿಯಲ್ಲಿ ಬರೀ ಕೈಯಲ್ಲಿ ಒತ್ತಿ ನೋಡಬೇಡಿ. ಸಂಕೋಚ ಬಿಟ್ಟು ಹತ್ತು ನಿಮಿಷ ಮಲಗಿ, ಮಗ್ಗುಲು ಬದಲಿಸಿ ನೋಡಿ. ಹತ್ತಿ ಹಾಸಿಗೆ ಇದ್ದರೆ ಗಂಟುಕಟ್ಟಿತೆಂದು ಎಸೆಯಬೇಡಿ, ಹಿಂಜಿಸಿದರೆ ಮತ್ತೆ ಹೊಸದರಂತಾಗುತ್ತದೆ.

ಕೊನೆಗೆ ನಮ್ಮಮ್ಮನ ಸಮಸ್ಯೆ ಬಗೆಹರಿದದ್ದು ಅಂಗಡಿಯಲ್ಲಲ್ಲ. ತೊಗರ್ಸಿ ಮನೆಯ ಅಟ್ಟದಲ್ಲಿ ಅಜ್ಜಿ ಕಾಲದ ಹಲಸಿನ ಮಂಚ ಬಿಚ್ಚಿಟ್ಟಿತ್ತು. ಬಡಗಿ ಬಂದು ಸಂದು ಬಿಗಿ ಮಾಡಿ, ಪಾಲಿಶ್ ಹಚ್ಚಿಕೊಟ್ಟರು. ತಗ್ಗಾದ ಆ ಮಂಚ ಈಗ ನಮ್ಮ ಮನೆಯಲ್ಲಿದೆ. ಅಮ್ಮ ಬಂದಾಗ ಚಾಪೆ ಕೇಳುವುದಿಲ್ಲ.

ನೀವೂ ಅಷ್ಟೇ, ಅಂಗಡಿಗೆ ಹೊರಡುವ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ. ಇಲ್ಲವೆಂದಾದರೆ ಪರ್ಸಿನ ಜೊತೆ ಟೇಪನ್ನೂ ಹಿಡಿದು ಹೊರಡಿ. ಮಂಚ ಶೋಕೇಸಿಗಲ್ಲ, ಮಲಗುವವರಿಗೆ.