ಹಿಮ್ಮತ್ತಿನ ಪಾಲೆಷ್ಟು?

ಬೀದರಿನಿಂದ ಔರಾದಿನ ಕಡೆ ಹೊರಟರೆ ಜನವಾಡ ದಾಟಿ ಮುಂದೆ ಕೌಠಾ ಹತ್ತಿರ ಮಾಂಜ್ರಾ ಸಿಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳ ಮೇಲೆ ಜೋಡಿ ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳದೇ ಕಾರುಬಾರು. ರಾತ್ರಿ ಹೊತ್ತು ಹಿಂದೆ ಕೆಂಪು ದೀಪವಿಲ್ಲದ ಟ್ರಾಲಿಗೆ ಬೈಕು ಬಡಿದರೆ ಬೆನ್ನುಮೂಳೆ ಮುರಿಯಲು ಅರೆಕ್ಷಣ ಸಾಕು. ಹುಣಸೆ ಬಡಿಯಲು ಏರಿದ ಮರದಿಂದ ಬಿದ್ದವರು, ಕಟ್ಟೆಯಿಲ್ಲದ ಬಾವಿಗೆ ಜಾರಿದವರು, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿ ಮೇಲಿನಿಂದ ಬಿದ್ದವರು, ಇವರೆಲ್ಲರ ಕತೆ ಮೊದಲ ತಿಂಗಳು ಹೆಚ್ಚುಕಡಿಮೆ ಒಂದೇ. ಬೀದರಿನ ಆಸ್ಪತ್ರೆ, ಅಲ್ಲಿಂದ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದ್, ಬೆನ್ನಿಗೆ ರಾಡು, ಆಮೇಲೆ ಮನೆ. ಮನೆಗೆ ಬಂದ ದಿನದಿಂದ ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಹಿಮ್ಮತ್ ಬಿಡಬ್ಯಾಡ ತಮ್ಮಾ, ಎಲ್ಲಾ ಛಲೋ ಆಗ್ತದ.’

ಉರ್ದುವಿನಿಂದ ಬಂದು ನಮ್ಮದೇ ಆಗಿಹೋದ ಈ ಶಬ್ದದಲ್ಲಿ ಧೈರ್ಯವೂ ಇದೆ, ಹಟವೂ ಇದೆ. ಬೆನ್ನುಹುರಿಗೆ ಪೆಟ್ಟು ಬಿದ್ದವನ ಚೇತರಿಕೆಯಲ್ಲಿ ಹಿಮ್ಮತ್ತಿನ ಪಾಲು ಎಷ್ಟು ಎಂಬುದರ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ಮನಸ್ಸಿದ್ದರೆ ಅರ್ಧ ಗೆದ್ದಂತೆ ಎನ್ನುವವರು ಒಂದು ಕಡೆ. ಅದು ಪೆಟ್ಟು ತಿಂದವನ ತಲೆಯ ಮೇಲೆ ಇನ್ನೊಂದು ಮೂಟೆ ಹೊರಿಸುವ ಮಾತು ಎನ್ನುವವರು ಮತ್ತೊಂದು ಕಡೆ. ಇಬ್ಬರನ್ನೂ ಅವರವರ ಅತ್ಯುತ್ತಮ ವಾದದ ಮೇಲೆ ತೂಗುವುದು ನ್ಯಾಯ.

ಮೊದಲ ಪಕ್ಷದ ಗಟ್ಟಿಯಾದ ವಾದ ಪವಾಡದ್ದಲ್ಲ, ದಿನಚರಿಯದು. ಸೊಂಟದ ಕೆಳಗೆ ಸ್ಪರ್ಶವಿಲ್ಲದವನಿಗೆ ಒಂದೇ ಮಗ್ಗುಲಲ್ಲಿ ಮಲಗಿದ್ದರೂ ನೋವು ಗೊತ್ತಾಗುವುದಿಲ್ಲ. ಎಲುಬು ಒತ್ತುವಲ್ಲಿ ರಕ್ತ ಹರಿಯುವುದು ನಿಂತು ಚರ್ಮ ಸಾಯುತ್ತದೆ. ಆದ್ದರಿಂದ ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಗಬೇಕು. ಗಾಲಿಕುರ್ಚಿಯಲ್ಲಿ ಕೂತಾಗ ಕೆಲ ನಿಮಿಷಗಳಿಗೊಮ್ಮೆ ಕೈಯೂರಿ ಮೈಯೆತ್ತಬೇಕು. ದಿನಕ್ಕೆ ನಾಲ್ಕರಿಂದ ಆರು ಸಲ ತಾನೇ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು. ಸಂಜೆ ಕನ್ನಡಿ ಹಿಡಿದು, ತನಗೆ ಕಾಣದ ತನ್ನದೇ ಚರ್ಮದಲ್ಲಿ ಕೆಂಪು ಮೂಡಿದೆಯೇ ಎಂದು ಹುಡುಕಬೇಕು. ಇದನ್ನು ಮಾತ್ರೆ ಮಾಡುವುದಿಲ್ಲ, ಬದುಕಬೇಕೆಂಬ ಆಸೆ ಇರುವವನು ಮಾಡುತ್ತಾನೆ. ಬೆನ್ನುಹುರಿ ಅಪಘಾತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೊರತಂದ ವರದಿಯ ಪ್ರಕಾರ, ಹೀಗೆ ಪೆಟ್ಟಾದವರಲ್ಲಿ ಶೇ 20ರಿಂದ 30ರಷ್ಟು ಮಂದಿಯಲ್ಲಿ ಗಮನಿಸಬೇಕಾದ ಮಟ್ಟದ ಖಿನ್ನತೆಯ ಲಕ್ಷಣಗಳಿರುತ್ತವೆ. ಖಿನ್ನನಾದವನು ನಾಲ್ಕು ದಿನ ಕನ್ನಡಿ ಹಿಡಿಯದಿದ್ದರೆ ಐದನೆಯ ದಿನ ಹುಣ್ಣು ಎದ್ದಿರಬಹುದು. ಮನಸ್ಸು ಚರ್ಮದ ತನಕ ತಲುಪುತ್ತದೆ ಎನ್ನುವುದು ಈ ಅರ್ಥದಲ್ಲಿ ಅತಿಶಯೋಕ್ತಿಯಲ್ಲ.

ಎರಡನೆಯ ಪಕ್ಷ ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಿಮ್ಮತ್ ಎಂದು ನೆಂಟರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಕನ್ನಡಿಯಲ್ಲ, ನಡಿಗೆ ಎಂದು ಅದು ನೆನಪಿಸುತ್ತದೆ. ನಡಿಗೆಯ ಮಾತು ಬಂದರೆ ಶರೀರಶಾಸ್ತ್ರ ನಿಷ್ಠುರ. ಕೈಕಾಲಿನ ನರ ತುಂಡಾದರೆ ನಿಧಾನವಾಗಿಯಾದರೂ ಚಿಗುರಬಲ್ಲದು. ಬೆನ್ನುಹುರಿಯೊಳಗಿನ ತಂತುಗಳು ಹಾಗೆ ಚಿಗುರುವುದಿಲ್ಲ. ವೈದ್ಯರು ಗಾಯವನ್ನು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಗುರುತಿಸುತ್ತಾರೆ. ಗುದದ್ವಾರದ ಸುತ್ತ ಸ್ಪರ್ಶವಾಗಲಿ ಬಿಗಿತವಾಗಲಿ ಒಂದಿಷ್ಟೂ ಉಳಿಯದಿದ್ದರೆ ಅದು ಎ ದರ್ಜೆ, ಪೂರ್ಣ ಗಾಯ. ಡಿ ದರ್ಜೆಯವನು ಸಿಡಿಮಿಡಿಗೊಳ್ಳುತ್ತಲೇ ಎದ್ದು ನಡೆದಾನು. ಎ ದರ್ಜೆಯವರಲ್ಲಿ ಬಹುತೇಕರು ಬೆಟ್ಟದಷ್ಟು ಛಲವಿದ್ದರೂ ಮತ್ತೆ ನಡೆಯುವುದಿಲ್ಲ. ಇದಕ್ಕೊಂದು ಷರತ್ತನ್ನು ಸೇರಿಸಲೇಬೇಕು. ಮೊದಲ ದಿನಗಳಲ್ಲಿ ಬೆನ್ನುಹುರಿ ಆಘಾತದಿಂದ ಮಂಕಾಗಿರುತ್ತದೆ, ಆಗಿನ ಪರೀಕ್ಷೆ ದಾರಿ ತಪ್ಪಿಸಬಹುದು. ಬರುವ ಸುಧಾರಣೆಯ ದೊಡ್ಡ ಭಾಗ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ. ಅಷ್ಟು ಕಾಲ ಬಿಡದೆ ವ್ಯಾಯಾಮ ಮಾಡಲು ಮನಸ್ಸು ಬೇಕೇ ಬೇಕು. ಆದರೂ ಒಬ್ಬನು ನಡೆದಿದ್ದನ್ನು ಅವನ ಹಿಮ್ಮತ್ತಿನ ಲೆಕ್ಕಕ್ಕೆ ಬರೆದ ತಕ್ಷಣ, ನಡೆಯದ ಇನ್ನೊಬ್ಬನ ಲೆಕ್ಕಕ್ಕೆ ಹಿಮ್ಮತ್ ಇಲ್ಲ ಎಂದು ಬರೆದಂತಾಗುತ್ತದೆ. ಬಾಯಿಬಿಟ್ಟು ಯಾರೂ ಹಾಗೆನ್ನುವುದಿಲ್ಲ. ಮಲಗಿದವನಿಗೆ ಮಾತ್ರ ಅದು ಕೇಳಿಸುತ್ತದೆ.

ಮೊದಲ ಪಕ್ಷದವರು ಆಗ ಮನುಷ್ಯರನ್ನು ತೋರಿಸುತ್ತಾರೆ. 1975ರ ಜನವರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಎಸ್. ರಾಮಕೃಷ್ಣನ್ ನೌಕಾಪಡೆಯ ಆಯ್ಕೆ ಪರೀಕ್ಷೆಗೆಂದು ಬೆಂಗಳೂರಿಗೆ ಬಂದವರು ದೈಹಿಕ ಪರೀಕ್ಷೆಯ ವೇಳೆ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡರು. 1981ರಲ್ಲಿ ತಮ್ಮ ಊರಾದ ತಮಿಳುನಾಡಿನ ಆಯ್ಕುಡಿಯಲ್ಲಿ ಅಮರ್ ಸೇವಾ ಸಂಗಮ್ ಕಟ್ಟಿದರು. ಅದು ಸಾವಿರಾರು ಅಂಗವಿಕಲರಿಗೆ ಆಸರೆಯಾಯಿತು, 2020ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮುಂಚೆ, 1954ರ ವಾಹನ ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು, ವೆಲ್ಲೂರಿನಲ್ಲಿ ಪುನರ್ವಸತಿ ವೈದ್ಯಕೀಯಕ್ಕೆ ತಳಹದಿ ಹಾಕಿದರು. ಮನೋಬಲವಿಲ್ಲದೆ ಇದು ಆಗುತ್ತಿತ್ತೇ ಎಂದು ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ?

ಅದೇ ಉದಾಹರಣೆಗಳನ್ನು ಎರಡನೆಯ ಪಕ್ಷ ಬೇರೆ ರೀತಿ ಓದುತ್ತದೆ. ರಾಮಕೃಷ್ಣನ್ ತಮ್ಮ ಸಂಸ್ಥೆಗೆ ಇಟ್ಟಿದ್ದು ತಮಗೆ ಚಿಕಿತ್ಸೆ ನೀಡಿದ ವಾಯುಪಡೆಯ ವೈದ್ಯ ಅಮರ್‌ಜಿತ್ ಸಿಂಗ್ ಚಹಲ್ ಅವರ ಹೆಸರನ್ನು. ಮೇರಿ ವರ್ಗೀಸ್ ಸ್ವತಃ ವೈದ್ಯೆ, ಅವರ ಸುತ್ತ ಇಡೀ ಆಸ್ಪತ್ರೆ ಇತ್ತು. ಇಬ್ಬರೂ ಗೆದ್ದಿದ್ದು ಮತ್ತೆ ನಡೆದು ಅಲ್ಲ, ನಡೆಯದೆ. ಜೊತೆಗೆ, ಹುಣ್ಣಿನ ನಂಜೇರಿಯೋ ಮೂತ್ರಪಿಂಡ ಕೆಟ್ಟೋ ತೀರಿಹೋದ ಛಲವಂತರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ಈ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಬ್ರಿಟನ್ನಿನ ಸ್ಟೋಕ್ ಮ್ಯಾಂಡೆವಿಲ್‌ನ ಇತಿಹಾಸವನ್ನು ಇಬ್ಬರೂ ತಮ್ಮದೆನ್ನುತ್ತಾರೆ, ಇಬ್ಬರಿಗೂ ಹಕ್ಕಿದೆ. ಅದಕ್ಕೆ ಮುಂಚೆ ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗ ಸಾಯುತ್ತಿದ್ದರು. 1944ರಲ್ಲಿ ಅಲ್ಲಿನ ಘಟಕದ ಹೊಣೆ ಹೊತ್ತ ಲುಡ್ವಿಗ್ ಗುಟ್ಮನ್ ಹಗಲು ರಾತ್ರಿಯೆನ್ನದೆ ಎರಡು ತಾಸಿಗೊಮ್ಮೆ ರೋಗಿಗಳನ್ನು ಹೊರಳಿಸುವ ನಿಯಮ ತಂದರು. ಅವರೇ 1948ರ ಜುಲೈ 29ರಂದು 16 ಮಂದಿ ಗಾಯಾಳುಗಳ ಕೈಗೆ ಬಿಲ್ಲು ಕೊಟ್ಟು ಸ್ಪರ್ಧೆ ನಡೆಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಬಿಲ್ಲು ಮನಸ್ಸಿಗೆ, ಹೊರಳಿಸುವುದು ಮೈಗೆ. ಯಾವುದು ಮೊದಲು ಎಂಬುದು ಮಾತ್ರ ಇಸವಿಗಳಲ್ಲೇ ಇದೆ.

ಸಂಶೋಧನೆಗಳೂ ಒಂದೇ ಕಡೆಗೆ ವಾಲುವುದಿಲ್ಲ. ಲಾಟರಿ ಗೆದ್ದವನೂ ಕಾಲು ಹೋದವನೂ ಕೆಲಕಾಲದ ನಂತರ ಸಮಾನ ಸುಖಿಗಳು ಎಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. ಅದರ ಮೂಲ, 1978ರಲ್ಲಿ ಬ್ರಿಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಹಾಗೆ ಹೇಳಿಯೇ ಇಲ್ಲ. ಸೊನ್ನೆಯಿಂದ ಐದರವರೆಗಿನ ಸುಖದ ಅಳತೆಯಲ್ಲಿ ಲಾಟರಿ ಗೆದ್ದವರ ಸರಾಸರಿ 4.00, ಸಾಮಾನ್ಯರದು 3.82, ಅಪಘಾತದಲ್ಲಿ ಸ್ವಾಧೀನ ಕಳೆದುಕೊಂಡ 29 ಮಂದಿಯದು 2.96. ಕೊರತೆ ನಿಜ, ಮನಸ್ಸು ಅದನ್ನು ಪೂರ್ತಿ ತುಂಬಿಕೊಟ್ಟಿಲ್ಲ. ಆದರೆ ಆ 2.96 ಅಳತೆಯ ನಡುಮಟ್ಟಕ್ಕಿಂತ ಮೇಲೇ ಇದೆ. ಹೊರಗಿನಿಂದ ನೋಡುವವರು ಊಹಿಸುವ ನರಕವೂ ಅದಲ್ಲ.

ಅದಕ್ಕಿಂತ ಒಂದು ವರ್ಷ ಹಿಂದೆ ಬಂದ ಬುಲ್ಮನ್ ಮತ್ತು ವರ್ಟ್‌ಮನ್ ಅಧ್ಯಯನ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ಪೆಟ್ಟು ತಿಂದವರನ್ನು ಅವರು ‘ನನಗೇ ಏಕೆ ಹೀಗಾಯಿತು’ ಎಂಬುದಕ್ಕೆ ಏನು ಉತ್ತರ ಕಂಡುಕೊಂಡಿರಿ ಎಂದು ಕೇಳಿದ್ದರು. ತಪ್ಪು ನನ್ನದೇ ಎಂದುಕೊಂಡವರು ಹೆಚ್ಚು ಚೆನ್ನಾಗಿ ನಿಭಾಯಿಸಿದರು. ಬೇರೆಯವರನ್ನು ದೂರಿದವರು, ತಪ್ಪಿಸಬಹುದಿತ್ತಲ್ಲ ಎಂದು ಕೊರಗಿದವರು ಹೆಚ್ಚು ಕುಗ್ಗಿದರು. ನಸೀಬ, ಹಣೆಬರಹ ಎನ್ನುವ ನಮ್ಮ ಮಾತುಗಳಿಗೂ ಇಲ್ಲಿ ಒಂದು ಉಪಯೋಗ ಕಾಣುತ್ತದೆ: ಕೊರಗಿಗೆ ಅವು ಒಂದು ಕೊನೆ ಹಾಕುತ್ತವೆ. ಆದರೆ ತಾನೇ ತನ್ನ ತಪ್ಪೆಂದು ಒಪ್ಪಿಕೊಳ್ಳುವುದು ಬೇರೆ, ಊರು ಅವನ ಮೇಲೆ ತಪ್ಪು ಹೊರಿಸುವುದು ಬೇರೆ. ಹಿಂದೆ ದೀಪವಿಲ್ಲದ ಟ್ರಾಲಿಯ ಪ್ರಶ್ನೆಯನ್ನು ನಸೀಬದ ಜೋಳಿಗೆಗೆ ಹಾಕಿಬಿಟ್ಟರೆ ಮುಂದಿನ ಹಂಗಾಮಿನಲ್ಲೂ ಟ್ರಾಲಿ ಹಾಗೇ ಓಡುತ್ತದೆ.

ಕಠಿಣವಾದ ಪ್ರಶ್ನೆ ಆಸೆಯದು. ‘ಅವನ ಮುಂದ ಹೇಳಬ್ಯಾಡ್ರಿ ಡಾಕ್ಟರ್ ಸಾಹೇಬರೆ, ಹಿಮ್ಮತ್ ಬಿಡ್ತಾನ’ ಎಂದು ಹೆತ್ತವರು ಕೈಮುಗಿಯುವುದರಲ್ಲಿ ಅರ್ಥವಿಲ್ಲದಿಲ್ಲ. ಮೊದಲ ವಾರಗಳಲ್ಲಿ ವೈದ್ಯರಿಗೂ ಪೂರ್ತಿ ಖಾತ್ರಿ ಇರುವುದಿಲ್ಲ, ಆಸೆಯ ಎಳೆ ಹಿಡಿದುಕೊಂಡೇ ಎಷ್ಟೋ ಜನ ಆ ದಿನಗಳನ್ನು ದಾಟುತ್ತಾರೆ. ಎದುರು ತಟ್ಟೆಯಲ್ಲಿ ಆಸೆಯ ಬೆಲೆ ಇಡಬೇಕು. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಜಾಹೀರಾತು ನಂಬಿ ಹೊಲ ಮಾರುವ ಕುಟುಂಬಗಳಿವೆ. ಬೆನ್ನುಹುರಿ ಗಾಯಕ್ಕೆ ಅದು ಅಂಗೀಕೃತ ಚಿಕಿತ್ಸೆಯಲ್ಲ, ಪ್ರಯೋಗದ ಚೌಕಟ್ಟಿನ ಹೊರಗೆ ಕೊಡಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಇನ್ನು ಕಾಲಿಗೆ ಜೀವ ಬರಲೆಂದು ಬಿಸಿ ಇಟ್ಟಿಗೆಯ ಶಾಖ ಕೊಡುವುದುಂಟು. ಸ್ಪರ್ಶವಿಲ್ಲದ ಕಾಲು ಸುಟ್ಟರೂ ಅವನಿಗೆ ತಿಳಿಯದು, ವಾಸನೆ ಬಂದ ಮೇಲೆ ಮನೆಯವರಿಗೆ ತಿಳಿಯುತ್ತದೆ.

ಜನವಾಡದ ಆಸುಪಾಸಿನ ಇಂಥದೊಂದು ಮನೆಗೆ ಹೋಗಿದ್ದೆ. ಹೊರಸಿನ ಮೇಲೆ ತೊಲೆಗೆ ಕಟ್ಟಿದ ಹಗ್ಗ, ಅದನ್ನು ಹಿಡಿದು ಮಗ ಎದ್ದು ಕೂರುತ್ತಾನೆ. ಗಾಲಿಕುರ್ಚಿ ಗೋಡೆಗೆ ಒರಗಿತ್ತು, ಅದರ ಮೇಲೆ ಟವೆಲ್ ಒಣಗುತ್ತಿತ್ತು. ಇದನ್ನು ಮೊದಲ ಪಕ್ಷದವರು ನೋಡಿದರೆ, ಸರಕಾರ ಕುರ್ಚಿ ಕೊಟ್ಟರೂ ಕೂರುವ ಮನಸ್ಸಿಲ್ಲ ಎಂದಾರು. ಅದು ಪೂರ್ತಿ ಸುಳ್ಳಲ್ಲ, ಊರವರು ನೋಡ್ತಾರ ಎಂಬ ನಾಚಿಕೆ ಅವನಿಗಿತ್ತು. ಆದರೆ ಹೊಸ್ತಿಲು ಒಂದು ಗೇಣು ಎತ್ತರ, ಅದರಾಚೆ ಎದ್ದುಬಿದ್ದ ಫರಶಿ ಕಲ್ಲು, ಶೌಚಾಲಯದ ಬಾಗಿಲು ಕುರ್ಚಿಗಿಂತ ಕಿರಿದು. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಹೊರಳಿಸುವವಳು ಅವ್ವ. ಅವಳ ಹಿಮ್ಮತ್ತಿನ ಬಗ್ಗೆ ನೋಡಲು ಬಂದವರು ಕೇಳಿದ್ದನ್ನು ನಾನು ಕಾಣಲಿಲ್ಲ.

ಎರಡೂ ಕಡೆಯ ತೂಕ ನೋಡಿದ ಮೇಲೆ ನನ್ನ ಒಲವು ನಡುದಾರಿಯ ಕಡೆಗಿದೆ, ಅಳುಕಿನಿಂದಲೇ ಹೇಳುತ್ತೇನೆ. ಹಿಮ್ಮತ್ತನ್ನು ಕೇಳುವುದು ತಪ್ಪಲ್ಲ, ಅದನ್ನು ನಡಿಗೆಯಿಂದ ಅಳೆಯುವುದು ತಪ್ಪು. ನಿಜವನ್ನು ಬಚ್ಚಿಡಬಾರದು, ಆದರೆ ಒಂದೇ ದಿನ ಮುಖಕ್ಕೆ ಎರಚಲೂ ಬಾರದು. ಮೊದಲ ತಿಂಗಳುಗಳಲ್ಲಿ ‘ಇನ್ನೂ ನೋಡಬೇಕು’ ಎನ್ನುವುದೇ ಪ್ರಾಮಾಣಿಕ ಉತ್ತರ, ವರ್ಷ ಕಳೆದ ಮೇಲೆ ಅದೇ ಉತ್ತರ ಪ್ರಾಮಾಣಿಕವಲ್ಲ. ಮನಸ್ಸು ಕಟ್ಟುವ ಕೆಲಸಕ್ಕೆ ಉಪದೇಶಕ್ಕಿಂತ ಅದೇ ಪೆಟ್ಟು ತಿಂದು, ಕುರ್ಚಿಯಲ್ಲಿ ಕೂತು ಬದುಕು ನಡೆಸುತ್ತಿರುವ ಇನ್ನೊಬ್ಬನ ಒಂದು ಭೇಟಿ ಹೆಚ್ಚು ಸಾಧಿಸೀತು. ಅಂಥ ಭೇಟಿಗೂ ಒಂದು ಜಾಗ ಬೇಕು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿ ಬೆನ್ನುಹುರಿ ಅಪಘಾತಕ್ಕೆ ಒಳಗಾದವರಿಗೆಂದೇ ‘ಸೇವಾಧಾಮ’ ಪುನಶ್ಚೇತನ ಕೇಂದ್ರವಿದೆ, ಬೆಂಗಳೂರಿನಲ್ಲಿ 1959ರಿಂದ ಎಪಿಡಿ ಸಂಸ್ಥೆಯಿದೆ. ಬೀದರಿನವನಿಗೆ ಎರಡೂ ರಾಜ್ಯದ ಇನ್ನೊಂದು ತುದಿ. ಇಂಥದೊಂದು ಕೇಂದ್ರ ಕಲ್ಯಾಣ ಕರ್ನಾಟಕದ ಈ ಮೂಲೆಗೂ ಬೇಕು ಎಂದು ಕೇಳುವುದರಲ್ಲಿ ಎರಡೂ ಪಕ್ಷಗಳು ಒಂದಾಗಬಹುದು.

ಅಲ್ಲಿಯವರೆಗೆ, ಓದುಗರೇ, ಇಂಥ ಮನೆಗೆ ಹೋದಾಗ ಹಿಮ್ಮತ್ ಹೇಳಿ ಬನ್ನಿ, ಬೇಡವೆನ್ನುವುದಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಆ ಮನೆಗೆ ಬಂದಿದ್ದಾರೆಯೇ ಎಂದೂ ಕೇಳಿ. ಜೊತೆಗೆ ಒಬ್ಬ ಗೌಂಡಿಯನ್ನು ಕರೆದೊಯ್ಯಲು ಆದರೆ ಇನ್ನೂ ಒಳ್ಳೆಯದು. ಹೊಸ್ತಿಲು ಒಂದು ಗೇಣು ಎತ್ತರವಿದ್ದರೆ ಇಳಿಜಾರು ಹನ್ನೆರಡು ಗೇಣು ಉದ್ದ ಇರಬೇಕು.