ನಮಗೆ ಗೊತ್ತಿಲ್ಲದವರೆಲ್ಲ ಸಣ್ಣವರೇ?

ಕೆಲ ದಿನಗಳ ಹಿಂದೆ ಗೆಳೆಯರೊಬ್ಬರ ಮನೆಯಲ್ಲಿ ಊಟ ಮುಗಿಸಿ ಕುಳಿತಾಗ ಮಾತು ಸಂಗೀತದ ಕಡೆ ತಿರುಗಿತು. ಧಾರವಾಡದ ಸಿತಾರ್ ವಾದಕ ಉಸ್ತಾದ್ ಬಾಲೇ ಖಾನ್ ಅವರದ್ದೇನಾದರೂ ಇದ್ದರೆ ಹಾಕಿ ಎಂದೆ. ‘ಯಾರವರು?’ ಎಂದರು. ಹೇಳಿದೆ. ‘ಅಷ್ಟು ದೊಡ್ಡವರಾಗಿದ್ದರೆ ನಮಗೆ ಗೊತ್ತಿರುತ್ತಿರಲಿಲ್ಲವೇ?’ ಎಂದು ನಕ್ಕು, ನಾವೆಲ್ಲ ನೂರು ಸಲ ಕೇಳಿದ್ದ ಮತ್ತೊಂದು ಸಿಡಿಯನ್ನೇ ಹಾಕಿದರು.

ಅವರು ಸಂಗೀತ ತಿಳಿಯದವರಲ್ಲ. ಅದಕ್ಕೇ ಈ ಮಾತು ನನ್ನನ್ನು ಚುಚ್ಚಿತು. ಒಳ್ಳೆಯದೆಲ್ಲ ತಾನಾಗಿಯೇ ಹೆಸರು ಪಡೆಯುತ್ತದೆ, ಹೆಸರು ಬಂದಿಲ್ಲವೆಂದರೆ ಅದರಲ್ಲೇನೋ ಕೊರತೆಯಿದೆ ಎಂಬ ನಂಬಿಕೆ ನಮ್ಮ ನಡುವೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ನನ್ನ ಪ್ರಕಾರ ಇದು ಶುದ್ಧ ಸುಳ್ಳು. ನಮ್ಮ ಸೋಮಾರಿತನಕ್ಕೆ ನಾವೇ ಬರೆದುಕೊಂಡ ಕ್ಷಮಾಪತ್ರ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸಿಕ್ಸ್‌ಟೋ ರೋಡ್ರಿಗಸ್ ಎಂಬ ಗಾಯಕನಿದ್ದ. ಮೆಕ್ಸಿಕೋದಿಂದ ವಲಸೆ ಬಂದ ಕುಟುಂಬದವನು. 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಎಂಬ ಆಲ್ಬಂ ತಂದ, ಮರುವರ್ಷ ಇನ್ನೊಂದು. ಎರಡೂ ಅಮೆರಿಕದಲ್ಲಿ ಮಾರಾಟವಾಗಲಿಲ್ಲ. ಆತ ಹಳೆಯ ಕಟ್ಟಡ ಕೆಡವುವ ಕೂಲಿ ಕೆಲಸಕ್ಕೆ ಹೋದ. ಅದೇ ಹೊತ್ತಿಗೆ, ವರ್ಣಭೇದ ನೀತಿಯಲ್ಲಿ ಉಸಿರುಗಟ್ಟಿದ್ದ ದಕ್ಷಿಣ ಆಫ್ರಿಕದಲ್ಲಿ ಅದೇ ಹಾಡುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಮನೆಮನೆಯ ಹಾಡಾದವು. ಆ ಸಂಗತಿ ವರ್ಷಾನುಗಟ್ಟಲೆ ಹಾಡಿದವನಿಗೇ ತಿಳಿದಿರಲಿಲ್ಲ. ಅಭಿಮಾನಿಗಳು ಹುಡುಕಿ ತೆಗೆದ ಮೇಲೆ 1998ರಲ್ಲಿ ಆತ ಅಲ್ಲಿಗೆ ಹೋಗಿ ತುಂಬಿದ ಸಭೆಗಳೆದುರು ಹಾಡಿದ. 2012ರಲ್ಲಿ ಅವನ ಕುರಿತ ಸಾಕ್ಷ್ಯಚಿತ್ರ ಬಂತು, ಮರುವರ್ಷ ಅದಕ್ಕೆ ಆಸ್ಕರ್ ಸಿಕ್ಕಿತು. 2023ರಲ್ಲಿ ಆತ ತೀರಿಕೊಂಡ.

ಈಗ ಹೇಳಿ, 1970ಕ್ಕೂ 1998ಕ್ಕೂ ನಡುವೆ ಆ ಹಾಡುಗಳಲ್ಲಿ ಒಂದಾದರೂ ಸ್ವರ ಬದಲಾಯಿತೇ? ಧ್ವನಿಮುದ್ರಿಕೆ ಅದೇ, ಕಂಠವೂ ಅದೇ. ಒಂದು ದೇಶ ಕೇಳಲಿಲ್ಲ, ಇನ್ನೊಂದು ದೇಶ ಕೇಳಿತು, ಅಷ್ಟೆ. ಹಾಗಿದ್ದರೆ ‘ಅಷ್ಟಾಗಿ ಗೊತ್ತಿಲ್ಲದ ಕಲಾವಿದ’ ಎಂಬ ಮಾತು ಕಲಾವಿದನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಕೇಳುಗರ ಬಗ್ಗೆ ಹೇಳುತ್ತದೆ.

ಅಷ್ಟು ದೂರ ಏಕೆ? 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪೆನಿಗಾಗಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂದು ಗೊತ್ತಾಗಬೇಕಲ್ಲ! ಹೀಗೆ ದೇಶಕ್ಕೆಲ್ಲ ಹೆಸರು ಕೇಳಿಸಿದ ಆಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದರು. ಮೈಸೂರಿನ ಸಂಗೀತಾಭಿಮಾನಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ತನ್ನ ಹೆಸರನ್ನು ಕೂಗಿ ಹೇಳಿದವರನ್ನೇ ನಾವು ಮರೆಯಬಲ್ಲೆವಾದರೆ, ಸುಮ್ಮನೆ ನುಡಿಸಿ ಹೋದವರ ಗತಿಯೇನು?

ಬಾಲೇ ಖಾನ್ (1942–2007) ಅಂಥವರು. ಅವರ ಅಜ್ಜ ಸಿತಾರ್ ರತ್ನ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆಸಿ ಸಿತಾರಿನ ಒಂದು ಪರಂಪರೆಯನ್ನೇ ಅಲ್ಲಿ ನೆಟ್ಟರು. ಆದರೆ ಧಾರವಾಡವೆಂದರೆ ನಮಗೆ ಗಾಯನ ಮಾತ್ರ. ಅಲ್ಲಿನ ನಾಲ್ಕೈದು ದೊಡ್ಡ ಹೆಸರು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆ ದೊಡ್ಡವರ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ಅವರ ಹೆಸರಿನ ನೆರಳಲ್ಲಿ ನಿದ್ದೆ ಹೋಗುವ ನಮ್ಮ ಕಿವಿಗಳ ಬಗ್ಗೆ ನನ್ನ ತಕರಾರು.

ಆ ದೊಡ್ಡವರಾದರೂ ಹೇಗೆ ದೊಡ್ಡವರಾದರು? ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿಯೇ ಮರುಳಾದದ್ದು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಕರೀಮ್ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಪಾದ ಸೇರಿದರು. ಅಂದು ಆ ಅಂಗಡಿಯವನು ಹುಡುಗನಿಗೆ ಗೊತ್ತಿದ್ದ ಹಾಡನ್ನೇ ಹಾಕಿದ್ದರೆ?

ಇಂದು ನಮ್ಮ ಕಿಸೆಯಲ್ಲಿರುವ ಯಂತ್ರ ಮಾಡುತ್ತಿರುವುದು ಅದನ್ನೇ. ನಿನ್ನೆ ಕೇಳಿದ್ದನ್ನು ನೋಡಿ ಅಂಥದ್ದೇ ಇನ್ನೊಂದನ್ನು ಇಂದು ಬಡಿಸುತ್ತದೆ. ಲಕ್ಷಾಂತರ ಹಾಡುಗಳಿವೆ ನಿಜ. ಕಣಜ ತುಂಬಿದ್ದರೂ ದಿನವೂ ಅದೇ ಗಂಜಿ ಕುಡಿಯುವವನಂತಾಗಿದ್ದೇವೆ.

ಇನ್ನೊಂದು ಅನ್ಯಾಯವೂ ಸದ್ದಿಲ್ಲದೆ ನಡೆದಿದೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದೇ ಅದನ್ನು ಗುರುತಿಸುತ್ತಾರೆ. ಸಿನಿಮಾ ಹಾಡೇ ಹಾಡು ಎಂದುಕೊಂಡಿದ್ದ ಕಾಲದಲ್ಲಿ ಅದು ಬೇರೆಯ ದಾರಿ ತೋರಿಸಿತು. ಇಂಥ ಕ್ಯಾಸೆಟ್ಟುಗಳ ಒಳಗಿನ ಚೀಟಿಯಲ್ಲಿ ಕವಿಯ ಹೆಸರು, ಹಲವು ಸಲ ಕೊಳಲು, ತಬಲಾದವರ ಹೆಸರೂ ಇರುತ್ತಿತ್ತು. ಆ ಚೀಟಿ ಓದಿಯೇ ನಾನು ಎಷ್ಟೋ ಕವಿಗಳ ಪುಸ್ತಕ ಹುಡುಕಿಕೊಂಡು ಹೋದೆ. ಈಗ ಫೋನಿನಲ್ಲಿ ಭಾವಗೀತೆ ತೆರೆದರೆ ಅನೇಕ ವೇಳೆ ಕಾಣುವುದು ಹಾಡಿದವರ ಹೆಸರೊಂದೇ. ಬರೆದವನು ಯಾರು, ಪಕ್ಕದಲ್ಲಿ ಕೂತು ನುಡಿಸಿದವನು ಯಾರು ಎಂಬುದು ಯಾರಿಗೂ ಬೇಡವಾಗಿದೆ.

ಇದು ಹೊಸ ರೋಗವೂ ಅಲ್ಲ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಸಿ. ಅಶ್ವಥ್ ಅವರ ಕ್ಯಾಸೆಟ್ಟುಗಳು ಆ ಪದಗಳನ್ನು ನಾಡಿಗೆಲ್ಲ ತಲುಪಿಸುವ ತನಕ ಅವುಗಳನ್ನು ಬಾಯಿಂದ ಬಾಯಿಗೆ ಕಾಪಾಡಿದವರು ಧಾರವಾಡ, ಹಾವೇರಿ ಸೀಮೆಯ ಭಜನಾ ಮೇಳದವರು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಾವು ಹೇಳಬಲ್ಲೆವೇ?

ಇಷ್ಟು ಹೇಳಿದ ಮೇಲೆ ನಮ್ಮ ಬಳಗದವರ ಕಿವಿಯನ್ನೂ ಹಿಂಡಬೇಕು. ಅಪರೂಪದ ಹಾಡು ಹುಡುಕುವವರಲ್ಲಿ ಒಂದು ಕೆಟ್ಟ ಚಾಳಿಯಿದೆ. ಸಿಕ್ಕಿದ್ದನ್ನು ನಿಧಿಯಂತೆ ಬಚ್ಚಿಡುವುದು, ‘ಇದು ನಿಮಗೆ ಅರ್ಥವಾಗಲಿಕ್ಕಿಲ್ಲ’ ಎನ್ನುವುದು, ಆ ಕಲಾವಿದನಿಗೆ ನಾಲ್ಕು ಜನ ಚಪ್ಪಾಳೆ ತಟ್ಟಿದ ಕೂಡಲೇ ‘ಮೊದಲಿನ ಹಾಗಿಲ್ಲ’ ಎಂದು ಮೂಗು ಮುರಿಯುವುದು. ಈ ಚಟ ನನಗೂ ಇತ್ತು. ಇದರಿಂದ ಕಲಾವಿದನಿಗೆ ಮೂರು ಕಾಸಿನ ಲಾಭವಿಲ್ಲ. ಅವನು ಅಜ್ಞಾತನಾಗಿಯೇ ಉಳಿಯಲಿ, ನನ್ನ ಅಭಿರುಚಿ ಮಾತ್ರ ಮೆರೆಯಲಿ ಎಂಬ ಸ್ವಾರ್ಥ ಅದು. ಕೇಳದವನಿಗಿಂತ ಕೇಳಿಯೂ ಬಚ್ಚಿಟ್ಟವನದೇ ದೊಡ್ಡ ತಪ್ಪು.

ಹಾಗಾದರೆ ಏನು ಮಾಡಬೇಕು? ದೊಡ್ಡ ಚಳವಳಿಯೇನೂ ಬೇಕಿಲ್ಲ. ತಿಂಗಳಿಗೊಮ್ಮೆ, ಹೆಸರೇ ಕೇಳದ ಒಬ್ಬರನ್ನು ಕೊನೆಯ ತನಕ ಕೇಳೋಣ. ಹಿಡಿಸದಿದ್ದರೆ ಬಿಡೋಣ, ಗೊತ್ತಿಲ್ಲದ್ದೆಲ್ಲ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಹಿಡಿಸಿದರೆ ಇನ್ನೊಬ್ಬರಿಗೆ ಕೇಳಿಸೋಣ. ಊರಲ್ಲಿ ಬೈಠಕ್ ನಡೆದರೆ ಪಾಸು ಕೇಳದೆ ಟಿಕೆಟ್ ಕೊಂಡು ಹೋಗೋಣ. ತಬಲಾ, ಸಾರಂಗಿ ನುಡಿಸಿದವರ ಹೆಸರನ್ನು ಕೇಳಿ ತಿಳಿದು ಬರೋಣ. ದಕ್ಷಿಣ ಆಫ್ರಿಕದವರು ಮಾಡಿದ್ದು ಇಷ್ಟನ್ನೇ.

ಮುಂದಿನ ಸಲ ಆ ಗೆಳೆಯರ ಮನೆಗೆ ಹೋಗುವಾಗ ಬಾಲೇ ಖಾನರ ಧ್ವನಿಮುದ್ರಿಕೆಯನ್ನು ನಾನೇ ಒಯ್ಯುತ್ತೇನೆ. ಅರ್ಧ ಗಂಟೆ ಮಾತಿಲ್ಲದೆ ಕೇಳಿ ಎನ್ನುತ್ತೇನೆ. ಅದಾದ ಮೇಲೂ ‘ದೊಡ್ಡವರಲ್ಲ’ ಎಂದರೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಆಗ ಅವರು ಕೇಳಿ ಹೇಳಿರುತ್ತಾರೆ.