ಮೇಲಿನ ಗಡಿ, ಕೆಳಗಿನ ಗಡಿ

2018ರ ಶ್ರಾವಣದಲ್ಲಿ ನಮ್ಮ ಶಾಲೆಯ ಫಲಕಕ್ಕೆ ನಾನೇ ಪತ್ರಿಕೆಯ ತುಣುಕೊಂದನ್ನು ಅಂಟಿಸಿದೆ. ಮುಂಬೈಯ ಇಬ್ಬರು ಹುಡುಗಿಯರು, ಆರೋಹಿ ಪಂಡಿತ್ ಮತ್ತು ಕೀಥೇರ್ ಮಿಸ್ಕಿಟಾ, ಪಟಿಯಾಲಾದಿಂದ ಪುಟ್ಟ ವಿಮಾನದಲ್ಲಿ ಹೊರಟು ರಾಜಸ್ಥಾನ, ಗುಜರಾತ್ ದಾಟಿ ಪಾಕಿಸ್ತಾನದ ಆಕಾಶಕ್ಕೆ ಕಾಲಿಟ್ಟಿದ್ದರು, ಕರಾಚಿಯಲ್ಲಿ ಇಳಿದಿದ್ದರು. ವಿಮಾನದ ಹೆಸರು ‘ಮಾಹಿ’. ಎರಡೇ ಆಸನ, ಒಂದೇ ಎಂಜಿನ್. ನಮ್ಮ ಕಡೆ ಕಬ್ಬಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗಿಂತ ಎಷ್ಟೋ ಹಗುರ. ಹುಡುಗಿಯರು ಗುಂಪುಗೂಡಿ ಓದಿ ಚಪ್ಪಾಳೆ ತಟ್ಟಿದರು. ನಾನೂ ಉತ್ಸಾಹದಲ್ಲಿ, “ನೋಡ್ರಿ, ಮನಸ್ಸು ಮಾಡಿದರ ಆಕಾಶಕ್ಕ ಗಡಿ ಇಲ್ಲ” ಎಂದೆ.

ಅದೇ ವಾರ ಸಂಜೆ ಕಾಗವಾಡದ ಕಡೆಯ ರೈತರೊಬ್ಬರು ಮನೆಗೆ ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಪಿಯುಸಿ ಮುಗಿಸಿದ್ದಳು, ಮಿರಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು.

“ಅಕ್ಕಾವ್ರ, ನೀವ ಹೇಳ್ರಿ. ಗಡಿ ದಾಟಿಸಿ ಹುಡಿಗೀನ್ನ ಒಬ್ಬಾಕಿನ್ನ ಕಳಸೂದು ಬ್ಯಾಡಂತಾರ ಮಂದಿ.”

ನಾನು ಹೇಳಿದ್ದು ಇಷ್ಟು: “ಈ ವರ್ಷ ಇರಲಿ ಬಿಡ್ರಿ, ಮುಂದಿನ ವರ್ಷ ನೋಡೂಣು.”

ಮುಂದಿನ ವರ್ಷ ಬರಲಿಲ್ಲ. ಬಂದದ್ದು ಲಗ್ನಪತ್ರಿಕೆ.

ಈ ತಪ್ಪನ್ನು ಬಚ್ಚಿಟ್ಟುಕೊಂಡು ಬೇರೆಯವರನ್ನು ಬಯ್ಯುವ ಅಧಿಕಾರ ನನಗಿಲ್ಲ. ಅದಕ್ಕೇ ಮೊದಲು ಹೇಳಿಬಿಟ್ಟೆ. ಇನ್ನು ನನ್ನ ಜಗಳಕ್ಕೆ ಬರುತ್ತೇನೆ.

ಆಕಾಶಕ್ಕೆ ಗಡಿ ಇಲ್ಲ ಎಂದೆನಲ್ಲ, ಅದು ಶುದ್ಧ ಸುಳ್ಳು. 1944ರ ಡಿಸೆಂಬರಿನಲ್ಲಿ ಶಿಕಾಗೋದಲ್ಲಿ ದೇಶಗಳೆಲ್ಲ ಕೂಡಿ ಮಾಡಿಕೊಂಡ ಒಪ್ಪಂದದ ಮೊದಲನೆಯ ಕಲಮೇ ಅದು: ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಸಂಪೂರ್ಣ ಒಡೆತನವಿದೆ. ಪರರ ಆಕಾಶದಲ್ಲಿ ಸಣ್ಣ ವಿಮಾನ ಹಾರಬೇಕಾದರೆ ಮೊದಲೇ ಅರ್ಜಿ ಹಾಕಬೇಕು. ವಿಮಾನದ ನೋಂದಣಿ ಯಾವುದು, ನಡೆಸುವವರು ಯಾರು, ಯಾವ ದಿನ, ಯಾವ ಬಿಂದುವಿನಲ್ಲಿ ಒಳಗೆ ಬಂದು ಯಾವ ಬಿಂದುವಿನಲ್ಲಿ ಹೊರಗೆ ಹೋಗುವುದು, ಎಲ್ಲ ಬರೆದುಕೊಡಬೇಕು. ಎಷ್ಟು ಇಂಧನವಿದೆ, ಇಳಿಯಬೇಕಾದಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ಯಾವುದು ಎಂಬುದೂ ಹಾರಾಟದ ಯೋಜನೆಯಲ್ಲಿರುತ್ತದೆ. ಗಡಿ ಬಂದಾಗ ಈ ಕಡೆಯ ನಿಯಂತ್ರಕರು ರೇಡಿಯೋದಲ್ಲಿ ಆ ಕಡೆಯವರಿಗೆ ವಿಮಾನವನ್ನು ಒಪ್ಪಿಸುತ್ತಾರೆ. ಹಾರುವವಳು ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಎಂಬುದರ ಮೇಲೆ ಪರವಾನಗಿ ನಿಂತಿಲ್ಲ. ವಿಮಾನ ಅಪಾಯಕ್ಕೆ ಸಿಕ್ಕಿತೋ, ಆ ನೆಲದವರು ನೆರವಾಗಬೇಕು ಎಂದು ಅದೇ ಒಪ್ಪಂದದ 25ನೆಯ ಕಲಮು ಹೇಳುತ್ತದೆ.

ಸಿಟ್ಟು ಬಂದಾಗ ದೇಶಗಳು ಆಕಾಶವನ್ನು ಮುಚ್ಚುವುದೂ ಉಂಟು. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನ ಮುಚ್ಚಿದ ದಾರಿ ಪೂರ್ತಿ ತೆರೆದದ್ದು ಜುಲೈಯಲ್ಲಿ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಬಾಗಿಲು ಹಾಕಿಕೊಂಡವು. ಆದರೆ ಗಮನಿಸಿರಿ, ಯುದ್ಧಕ್ಕೆ ನಿಂತ ದೇಶಗಳು ಕೂಡ ಇಂಥ ದಿನದವರೆಗೆ ಮುಚ್ಚಿದ್ದೇವೆ ಎಂದು ತಾರೀಖು ಹಾಕಿ ಸೂಚನೆ ಹೊರಡಿಸುತ್ತವೆ. ಮುಂದುವರಿಸಬೇಕಾದರೆ ಮತ್ತೊಂದು ಸೂಚನೆ, ಮತ್ತೊಂದು ತಾರೀಖು. ನಾವು ನಮ್ಮ ಹೆಣ್ಣುಮಕ್ಕಳ ದಾರಿ ಮುಚ್ಚುವಾಗ ಯಾವ ತಾರೀಖು ಹಾಕಿದ್ದೇವೆ? ‘ಮುಂದಿನ ವರ್ಷ ನೋಡೂಣು’ ಎಂಬುದು ತಾರೀಖಲ್ಲ, ಸಮಾಧಾನದ ಮುಖವಾಡ ಹಾಕಿಕೊಂಡ ಕದ.

ಇನ್ನು ಕೆಳಗಿನ ಗಡಿ. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗಿನಿಂದ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಸೀಮೆಯವರಾದ ನಾವು ಗಡಿಯ ಮಾತು ಕೇಳುತ್ತಲೇ ಬೆಳೆದವರು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಜಗಳ ಮುಗಿಯಲಿಲ್ಲ. 2022ರ ಡಿಸೆಂಬರಿನಲ್ಲಿ ಗಲಾಟೆಯಾಗಿ ಎರಡೂ ಕಡೆಯ ಬಸ್ಸು ನಿಂತವು, ಮತ್ತೆ ಹೊರಟವು. ಆದರೂ ಈ ಗಡಿ ನಮ್ಮನ್ನು ಎಂದು ತಡೆದಿದೆ ಹೇಳಿ? ಕಬ್ಬಿನ ಗಾಡಿ ಆ ಕಡೆಯ ಕಾರ್ಖಾನೆಗೆ ಹೋಗುತ್ತದೆ. ರಾಯಬಾಗ, ಅಥಣಿಯವರಿಗೆ ಜಡ್ಡು ಜೋರಾದರೆ ನೆನಪಾಗುವುದು ಮಿರಜಿನ ದವಾಖಾನೆ. ನಿಪ್ಪಾಣಿಯವರು ಸೀರೆಗೂ ದೇವಿಗೂ ಕೊಲ್ಹಾಪುರಕ್ಕೆ ಹೋಗುತ್ತಾರೆ. ಸೊಸೆಯನ್ನು ಅಲ್ಲಿಂದ ತರುತ್ತೇವೆ, ಮಗಳನ್ನು ಅಲ್ಲಿಗೆ ಕೊಡುತ್ತೇವೆ. ಹಾಗಾದರೆ ಮಿರಜಿನ ದವಾಖಾನೆಯಲ್ಲಿ ನಮ್ಮ ಮುದುಕರಿಗೆ ಸೂಜಿ ಚುಚ್ಚುವ ನರ್ಸು ಯಾರ ಮನೆಯ ಮಗಳು? ಅವಳ ಅಪ್ಪ ಅವಳನ್ನು ಕಳಿಸಿದ್ದಕ್ಕೇ ಅಲ್ಲವೇ ನಮಗೆ ಉಪಚಾರ ಸಿಕ್ಕದ್ದು? ಲಗ್ನದ ಟೆಂಪೋದಲ್ಲಿ ದಾಟಬಹುದಾದ ಗಡಿಯನ್ನು ಬಸ್ ಪಾಸು ಹಿಡಿದು ದಾಟಬಾರದು ಎಂದರೆ, ನಮಗೆ ಹೆದರಿಕೆ ಗಡಿಯದಲ್ಲ, ಪಾಸಿನದು.

‘ಅದು ಸಿರಿವಂತರ ಮಾತು, ಈಗಿನ ಕಾಲದ ಹುಚ್ಚು’ ಎನ್ನುವವರಿದ್ದಾರೆ. ದುಡ್ಡಿನ ಮಾತು ನಿಜ. ವಿಮಾನ ನಮ್ಮ ನಿಮ್ಮ ಕೈಗೆ ಎಟಕುವುದಲ್ಲ. ಆದರೆ ಈಗಿನ ಕಾಲದ್ದು ಎಂಬುದು ಸುಳ್ಳು. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ವಿಮಾನ ಹಾರಿಸಿದಾಗ ಆಕೆಗೆ 21 ವರ್ಷ, ಮನೆಯಲ್ಲಿ ಪುಟ್ಟ ಮಗಳಿದ್ದಳು. ನಮ್ಮ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವಿಮಾನ ಶಾಲೆಯಿಂದ 1949ರಲ್ಲಿ ಕಲಿತು ಹೊರಬಂದವರು ಉಷಾ ಸುಂದರಂ. ಅವರ ಗಂಡ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ನಡೆಸುತ್ತಿದ್ದವರು. 1950ರ ದಶಕದ ಮೊದಲಲ್ಲಿ ಮದ್ರಾಸ್ ಸರ್ಕಾರಕ್ಕಾಗಿ ಕೊಂಡ ‘ಡವ್’ ಎಂಬ ಸಣ್ಣ ವಿಮಾನವನ್ನು ಗಂಡ ಹೆಂಡತಿ ಕೂಡಿ ಲಂಡನ್ನಿನಿಂದ ಬಾಗ್ದಾದ್, ಕರಾಚಿ ಮಾರ್ಗವಾಗಿ 27 ಗಂಟೆಗಳಲ್ಲಿ ಮುಂಬೈಗೆ ತಂದರು. ದೇಶ ಒಡೆದು ಇನ್ನೂ ಗಾಯ ಹಸಿಯಾಗಿದ್ದ ದಿನಗಳು ಅವು. ಆ ದಾರಿಯಲ್ಲಿ ಜಕ್ಕೂರಿನಲ್ಲಿ ಕಲಿತ ಹೆಂಗಸು ವಿಮಾನ ನಡೆಸಿದಳು. ಅಥಣಿಯ ಹುಡುಗಿ ಮಿರಜಿನ ದಾರಿಗೆ ಬಸ್ಸು ಹತ್ತಿದರೆ ಮನೆತನದ ಮರ್ಯಾದೆ ಹೋಗುತ್ತದೆಯೇ?

ತಾಯಂದಿರ ಹೆದರಿಕೆ ನನಗೆ ಗೊತ್ತಿಲ್ಲವೆಂದಲ್ಲ. ಸಂಜೆಯ ಬಸ್ಸಿನ ನೂಕುನುಗ್ಗಲು, ನಿಲ್ದಾಣದಲ್ಲಿ ಸೀಟಿ ಹೊಡೆಯುವ ಹುಡುಗರು, ಎಲ್ಲ ನಿಜ. ಅಪಾಯ ಆಕಾಶದಲ್ಲೂ ಇದೆ. ಹಾಗೆಂದು ಅಲ್ಲಿ ಹಾರಬೇಡ ಎನ್ನುವುದಿಲ್ಲ, ಹಾರುವ ಮೊದಲು ಬರೆದುಕೊಡು ಎನ್ನುತ್ತಾರೆ. ನಾವೂ ಕೇಳೋಣ. ಎಷ್ಟು ಗಂಟೆಯ ಬಸ್ಸು? ತಪ್ಪಿದರೆ ಮುಂದಿನದು ಯಾವುದು? ಮಿರಜಿನಲ್ಲಿ ನಮ್ಮವರ ಮನೆ ಯಾವುದು, ಯಾರ ಫೋನು? ಇಷ್ಟು ಕೇಳುವುದು ಕಾಳಜಿ. ‘ಯಾರ ಜೋಡಿ ಮಾತಾಡಿದಿ, ಯಾಕ ನಕ್ಕಿ’ ಎಂದು ಕೇಳುವುದು ಕಾಳಜಿಯಲ್ಲ, ಕಾವಲು.

ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗಿಯರ ಮುಖ ನೋಡಿದವಳಾಗಿ ಒಂದು ಮಾತು ಹೇಳುತ್ತೇನೆ. ಬಸ್ಸಿನಲ್ಲಿ ಯಾರೋ ಕೈ ಚಾಚಿದರೆ ನಮ್ಮ ಹುಡುಗಿ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ಕೈ ಚಾಚಿದವನಿಗೆ ಏನೂ ಆಗುವುದಿಲ್ಲ, ತನ್ನ ಕಾಲೇಜು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತು. ವಿಮಾನ ನಡೆಸುವವಳು ಕಷ್ಟದಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಕೂಗಿದರೆ ದಾರಿ ಬಿಟ್ಟುಕೊಡುತ್ತಾರೆ. ನಮ್ಮ ಮನೆಗಳಲ್ಲಿ ಕೂಗಿದವಳ ರೆಕ್ಕೆಯನ್ನೇ ಕತ್ತರಿಸುತ್ತೇವೆ. ಅಪಾಯ ಹೆಚ್ಚಿಸುವವರು ಹಾಗಾದರೆ ಯಾರು?

ಎರಡು ವರ್ಷದ ಹಿಂದೆ ಕಾಗವಾಡದ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಸೊಂಟದಲ್ಲಿ ಮಗು. ಗಂಡನ ಮನೆ ಮಿರಜಿನಿಂದಲೂ ಆಚೆ. ಅತ್ತೆಯ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಕೊಡುವವಳು ತಾನೇ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹೊರಡುವಾಗ ಕೇಳಿದಳು, “ಅಕ್ಕಾವ್ರ, ಫಲಕದಾಗ ಹಚ್ಚಿದ್ರೆಲಾ, ತಂಗಿ ಬಂದು ಹೇಳಿದ್ಲು. ಆ ವಿಮಾನದ ಹುಡಿಗ್ಯಾರು ಮುಂದ ಏನ್ ಮಾಡಿದ್ರು?”

ಅವರಲ್ಲಿ ಆರೋಹಿ 2019ರ ಮೇ ತಿಂಗಳಲ್ಲಿ ಅದೇ ವಿಮಾನದಲ್ಲಿ ಒಬ್ಬಳೇ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಮೇಲೆ ಹಾದು ಅಟ್ಲಾಂಟಿಕ್ ಸಾಗರ ದಾಟಿ ಕೆನಡಾ ಮುಟ್ಟಿದಳು ಎಂದೆ. “ಒಬ್ಬಾಕೀನ?” ಎಂದಳು. ಬಸ್ಸು ಬಂತು, ಹೋದಳು.

ಪ್ರತಿ ಜೂನಿನಲ್ಲಿ ಯಾರೋ ಒಬ್ಬ ಅಪ್ಪ, ಯಾರೋ ಒಬ್ಬ ತಾಯಿ ನಿಮ್ಮ ಹೊಸ್ತಿಲಿಗೂ ಬಂದು ‘ಕಳಸೂಣೇನ್ರಿ?’ ಎಂದು ಕೇಳುತ್ತಾರೆ. ಅಕ್ಕತಂಗಿಯರೇ, ಉತ್ತರ ಕೊಡುವ ಮೊದಲು ನನ್ನನ್ನು ನೆನೆಯಿರಿ, ನಾನು ಕೊಟ್ಟ ಉತ್ತರವನ್ನು ಮಾತ್ರ ಕೊಡಬೇಡಿರಿ. ಬಸ್ಸಿನ ವೇಳೆ ಕೇಳಿರಿ, ಫೋನ್ ನಂಬರು ಬರೆದುಕೊಳ್ಳಿರಿ, ಕಳಿಸಿರಿ.